ಒಣಕೆರೆಯ ಅಧ್ಯಕ್ಷೆ

ಬಿಳಿಗಟ್ಟೆಯ ಕೆರೆಗೆ ನೀರು ಬಂದಿದ್ದು ಚಿತ್ತೆ ಮಳೆಯಲ್ಲಿ, ಊರವರೆಲ್ಲ ಆಸೆ ಬಿಟ್ಟ ಮೇಲೆ. ಮೃಗಶಿರದಿಂದ ಹಸ್ತದವರೆಗೂ ಮೋಡಗಳು ಊರ ಮೇಲೆ ಹಾದುಹೋಗಿದ್ದವೇ ಹೊರತು ನಿಂತಿರಲಿಲ್ಲ. ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ಎಲೆ ಸುರುಳಿ ಸುತ್ತಿಕೊಂಡು ಒಣಗಿತ್ತು. ಇನ್ನು ಈ ವರ್ಷವೂ ಇಷ್ಟೇ ಎಂದುಕೊಳ್ಳುತ್ತಿರುವಾಗ ಒಂದು ಸಂಜೆ ಶುರುವಾದ ಮಳೆ ಮರುದಿನ ಮಧ್ಯಾಹ್ನದವರೆಗೂ ಬಿಡಲಿಲ್ಲ. ನಾಲ್ಕು ತಿಂಗಳಲ್ಲಿ ಹಂಚಿಕೊಂಡು ಬೀಳಬೇಕಾದದ್ದು ಒಂದೇ ಸಲಕ್ಕೆ ಬಿದ್ದು, ಹಳ್ಳಗಳು ಕೆಂಪಗೆ ಹರಿದು ಬಂದು ಕೆರೆ ಸೇರಿದವು. ಮಳೆ ನಿಂತ ಮೇಲೆ ಜನ ಏರಿ ಹತ್ತಿ ನೋಡಿದರೆ, ಹಿಂದಿನ ದಿನ ಹುಡುಗರು ಕ್ರಿಕೆಟ್ ಆಡುತ್ತಿದ್ದ ಜಾಗದಲ್ಲಿ ನೀರಿನ ಅಲೆ ಬಡಿಯುತ್ತಿತ್ತು.

ಹೆಂಗಸರು ಸೆರಗು ನೆನೆಯುವಷ್ಟು ಕೆಳಗಿಳಿದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆದರೆ ಏರಿಯ ಮೇಲೆ ನಿಂತವರಲ್ಲಿ ಕೆಲವರ ಮುಖ ಕಪ್ಪಿಟ್ಟಿತ್ತು. ಐದು ವರ್ಷಗಳಿಂದ ಕೆರೆ ತುಂಬಿರಲಿಲ್ಲ. ಕೆರೆಯಂಗಳ ಸುಮ್ಮನೆ ಬಿದ್ದಿದೆಯಲ್ಲ ಎಂದು ಗುರುಬಸವರಾಜ್ ಮೊದಲು ಜೆಸಿಬಿ ತರಿಸಿ ಅಂಚಿನ ಜಾಗ ಸಮ ಮಾಡಿಸಿ ಅಡಿಕೆ ಸಸಿ ಇಟ್ಟಿದ್ದ. ಚನ್ನಗಿರಿಯ ಪೇಟೆಯಲ್ಲಿ ವ್ಯಾಪಾರ, ಊರಲ್ಲಿ ಏರಿಯ ಕೆಳಗೆ ಹಳೆಯ ತೋಟ, ಅಡಿಕೆ ಸುಲಿಸುವ ದೊಡ್ಡ ಶೆಡ್ಡು ಇದ್ದ ಮನುಷ್ಯ. ಅವನೇ ಇಟ್ಟ ಮೇಲೆ ಉಳಿದವರಿಗೂ ಧೈರ್ಯ ಬಂತು. ಸಿದ್ದಲಿಂಗೇಶ ಇಟ್ಟ, ಅವನ ತಮ್ಮ ಕಲ್ಲೇಶ ಇಟ್ಟ, ಇನ್ನೂ ಹಲವರು ಇಟ್ಟರು. ಈಗ ಆ ಸಸಿಗಳ ಸುಳಿಗಳು ಮಾತ್ರ ನೀರಿನ ಮೇಲೆ ಹಸಿರು ಗರಿಯ ಹಾಗೆ ಕಾಣುತ್ತಿದ್ದವು.

ಕಲ್ಲೇಶನ ಹೆಂಡತಿ ಪ್ರೇಮಲತಾ ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಅವಳೇ ಕೆರೆ ಸಂಘದ ಅಧ್ಯಕ್ಷೆಯೂ ಆಗಿದ್ದಳು. ಆ ಸಲ ಹೆಂಗಸರೇ ಅಧ್ಯಕ್ಷರಾಗಬೇಕು ಎಂಬ ನಿಯಮವಿತ್ತು, ನೀರಿಲ್ಲದ ಕೆರೆಯ ಅಧಿಕಾರ ಯಾರಿಗೂ ಬೇಕಾಗಿರಲಿಲ್ಲ. ಭಾವ ಸಿದ್ದಲಿಂಗೇಶನೇ ಅವಳ ಹೆಸರು ಹೇಳಿ ಕೂರಿಸಿದ್ದ. ಜೋಳ ಬೀಸಿಸಲು ಬಂದವರು ನಗಾಡುತ್ತಿದ್ದರು: "ಅಧ್ಯಕ್ಷರೇ, ಕೆರೆಗೆ ಧೂಳು ತುಂಬೈತೆ, ಕೋಡಿ ಬಿದ್ದೀತು ನೋಡ್ಕಳ್ರಿ." ಅವಳೂ ನಗುತ್ತಿದ್ದಳು. ಅಧಿಕಾರದ ಜೊತೆ ಅವಳ ಕೈಗೆ ಬಂದದ್ದು ಒಂದೇ ವಸ್ತು, ಕೆರೆ ನೀರು ಹೊರಬಿಡುವ ತೂಬಿನ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್. ಹಿಂದೆ ತೂಬು ನೋಡಿಕೊಳ್ಳುತ್ತಿದ್ದ ಮರುಳಪ್ಪಜ್ಜ ಅದನ್ನು ತಂದುಕೊಟ್ಟಿದ್ದ. ಅವಳು ತೌಡಿನ ಚೀಲಗಳ ಹಿಂದೆ ಇಟ್ಟು ಮರೆತಿದ್ದಳು.

ಆದರೆ ಹಿಂದಿನ ಬೇಸಿಗೆಯನ್ನು ಅವಳು ಮರೆತಿರಲಿಲ್ಲ. ಊರಿನ ಕೊಳವೆಬಾವಿಗಳು ಒಂದಾದ ಮೇಲೊಂದು ಗಾಳಿ ಉಗುಳಿದ್ದವು. ಟ್ಯಾಂಕರ್ ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ, ಬಂದ ದಿನ ಕೊಡ ಹಿಡಿದು ಓಡುವುದೇ ಕೆಲಸ. ಹಾಗೆ ಓಡಿದ ಒಂದು ದಿನ ನೂಕುನುಗ್ಗಲಿನಲ್ಲಿ ನಜೀರಾ ಬಿದ್ದು ಬಲಗೈ ಮುರಿದುಕೊಂಡಳು. ನಜೀರಾ ಐವತ್ತರ ಹೆಂಗಸು, ಅಡಿಕೆ ಸುಲಿಯುವ ಹೆಂಗಸರ ಗುಂಪು ಕಟ್ಟಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ಹೋಗುತ್ತಿದ್ದವಳು. ಬಲಗೈಯೇ ಅವಳ ಬದುಕು. ಅವಳನ್ನು ಎತ್ತಿ ಗಿರಣಿಯ ಜಗಲಿ ಮೇಲೆ ಕೂರಿಸಿ, ಬಸವಾಪಟ್ಟಣಕ್ಕೆ ಆಟೋ ಹತ್ತಿಸಿದವಳು ಪ್ರೇಮಲತಾ. ಆ ಗದ್ದಲದಲ್ಲಿ ನಜೀರಾಳ ಕೊಡವನ್ನು ಯಾರೋ ತುಂಬಿಸಿಕೊಂಡು ಹೋಗಿದ್ದರು.

ಕೆರೆ ತುಂಬಿದ ಮರುದಿನವೇ ಗುರುಬಸವರಾಜ್ ಸಿದ್ದಲಿಂಗೇಶನ ಜೊತೆ ಗಿರಣಿಗೆ ಬಂದ. ಪ್ರೇಮಲತಾ ಮೋಟರು ನಿಲ್ಲಿಸಿ, ಕೈಯ ಹಿಟ್ಟು ಒರೆಸಿಕೊಂಡು, ಕುರ್ಚಿ ಹಾಕಿದಳು.

"ತಂಗ್ಯಮ್ಮ, ಆ ತೂಬಿನ ಹ್ಯಾಂಡಲ್ ಸ್ವಲ್ಪ ಕೊಡು," ಎಂದ ಗುರುಬಸವರಾಜ್. "ಅರ್ಧ ನೀರು ಬಿಟ್ಟು ವಾಪಸ್ ತಂದ್ಕೊಡ್ತೀನಿ."

"ಏನು ವಾಪಸ್ ತರ್ತೀರಣ್ಣ, ಹ್ಯಾಂಡಲ್ಲೋ ನೀರೋ?"

ಅವನು ನಕ್ಕ. "ಸಸಿ ಸುಳಿ ಇನ್ನಾ ಮ್ಯಾಲೈತೆ. ಹಿಂಗೇ ನಿಂತ್ರೆ ಬೇರು ಕೊಳ್ತು ಹೋಗ್ತಾವೆ. ನಿಮ್ಮನೆ ಸಸಿನೂ ಅದಾವಲ್ಲ ಅಲ್ಲಿ."

"ಅದಾವೆ. ಬ್ಯಾಸಿಗ್ಯಾಗೆ ನಾನೇ ಕೊಡದಾಗೆ ಹೊತ್ತು ಹಾಕೀನಿ."

"ಮತ್ತೆ?"

"ಕೆರೆಯೇನು ನಮ್ಮ ತೋಟಕ್ಕೆ ಬಂದಿಲ್ಲ ಅಣ್ಣ. ನಾವೇ ಕೆರೆಗೆ ಹೋಗಿ ತೋಟ ಮಾಡಿದ್ದು."

ಸಿದ್ದಲಿಂಗೇಶ ಬಾಯಿ ಹಾಕಿದ. "ಸ್ವಾತಿ ಮಳೆ ಬಾಕಿ ಐತೆ ಪ್ರೇಮಾ. ಈಗ ಬಿಟ್ರೂ ಮತ್ತೆ ತುಂಬ್ತೈತೆ."

"ಆರಿದ್ರಾ ಬರ್ತೈತೆ ಅಂದ್ರಿ, ಬರಲಿಲ್ಲ. ಮಘೆ ಕೈಬಿಡಲ್ಲ ಅಂದ್ರಿ, ಅದೂ ಬಿಡ್ತು. ಈಗ ಮಳೆ ಪಂಚಾಂಗ ನೋಡ್ಕಂಡು ಬರಲ್ಲ ಭಾವ. ಅದಕ್ಕೆ ತಿಳಿದಾಗ ಬರ್ತೈತೆ, ಎಲ್ಲಾ ಒಟ್ಟಿಗೆ ಸುರಿದು ಹೋಗ್ತೈತೆ. ಬಂದಿದ್ದನ್ನ ಹಿಡ್ಕಂಡಿದ್ರೆ ಉಂಟು."

"ನೀರು ಹಿಡ್ಕಂಡು ತೋಟ ಬಿಡು ಅಂತೀಯೇನು?"

"ಹೂಂ. ಅದನ್ನೇ ಅನ್ನೋದು."

ಗುರುಬಸವರಾಜನ ನಗು ಹೋಯಿತು. ಸಿದ್ದಲಿಂಗೇಶ ಎದ್ದು ನಿಂತು, "ಕುಂಡ್ರಿಸಿದೋನು ನಾನು ಅನ್ನೋದು ನೆನಪಿಟ್ಕ," ಎಂದ. ಅವರು ಹೋದ ಮೇಲೆ ಪ್ರೇಮಲತಾ ತೌಡಿನ ಚೀಲಗಳನ್ನು ಸರಿಸಿ ಹ್ಯಾಂಡಲ್ ತೆಗೆದು, ಧೂಳು ಒರೆಸಿ, ಮನೆಗೆ ತೆಗೆದುಕೊಂಡು ಹೋದಳು.

ಕಲ್ಲೇಶ ಕೂಗಾಡುವ ಗಂಡಸಲ್ಲ. ಆ ಸಸಿಗಳನ್ನು ಅವನು ಒಂದೊಂದಾಗಿ ಆರಿಸಿ ಟೆಂಪೋದಲ್ಲಿ ತಂದಿದ್ದ. ಬಿಸಿಲು ತಾಗದಿರಲೆಂದು ಪ್ರತಿಯೊಂದಕ್ಕೂ ತೆಂಗಿನ ಗರಿ ಕಟ್ಟಿದ್ದ. ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, ತಲೆ ಎತ್ತದೆ ಕೇಳಿದ:

"ನನ್ನ ಒಂದು ಮಾತು ಕೇಳಬೇಕು ಅನ್ಸಲಿಲ್ವಾ?"

"ಕೇಳಿದ್ರೆ ನೀರು ಬಿಡು ಅಂತಿದ್ರಿ."

"ಹೌದು, ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ ರೀ."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವತ್ತಿನಿಂದ ಅಣ್ಣನ ಮನೆಯಲ್ಲಿ ಊಟ ಮಾಡತೊಡಗಿದ. ಪ್ರೇಮಲತಾ ದಿನಾ ಅವನ ಪಾಲಿನ ಅಡಿಗೆ ಮಾಡಿಟ್ಟು, ಸಂಜೆಗೆ ಎಮ್ಮೆಗೆ ಹಾಕುತ್ತಿದ್ದಳು. ತಾನು ಮಾಡಿದ್ದು ಸರಿ ಎಂದು ಅವಳಿಗೆ ಅನುಮಾನವಿರಲಿಲ್ಲ. ಆದರೂ ಅವನು ಕಟ್ಟಿದ ಗರಿಗಳು ನೀರಿನ ಮೇಲೆ ತೇಲುವುದನ್ನು ಏರಿಯಿಂದ ಹೆಚ್ಚು ಹೊತ್ತು ನೋಡಲಾಗದೆ ತಿರುಗಿ ಬರುತ್ತಿದ್ದಳು.

ಸುದ್ದಿ ಊರಲ್ಲಿ ಹಬ್ಬಿತು. ಗುರುಬಸವರಾಜನ ಶೆಡ್ಡಿನಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದ ನಜೀರಾ, ಎಲ್ಲರಿಗೂ ಕೇಳುವ ಹಾಗೆ, "ಕೆರೆ ನೀರು ಬಿಟ್ರೆ ಬ್ಯಾಸಿಗ್ಯಾಗೆ ಇವರ ಅಡಿಕೆ ಅಗಿದು ದಾಹ ತೀರಿಸ್ಕಳಾಕೆ ಆಗ್ತೈತಾ?" ಎಂದುಬಿಟ್ಟಳು. ಮರುದಿನ ಬೆಳಿಗ್ಗೆ ಗುಂಪು ಶೆಡ್ಡಿಗೆ ಹೋದಾಗ ಒಳಗೆ ಸುಲಿಯುವ ಯಂತ್ರ ಸದ್ದು ಮಾಡುತ್ತಿತ್ತು. ಇನ್ನು ಮುಂದೆ ಬರುವುದು ಬೇಡ ಎಂದು ಹೇಳಿ ಕಳಿಸಿದರು.

ಹೆಂಗಸರು ನೇರವಾಗಿ ಗಿರಣಿಗೆ ಬಂದರು. ಸುಗ್ಗಿಯ ಹೊತ್ತಿನಲ್ಲಿ ಕೆಲಸ ಹೋಗಿತ್ತು. ಲಕ್ಷ್ಮಕ್ಕ ಎಂಬುವಳು ಅಳುತ್ತಿದ್ದಳು. ಪ್ರೇಮಲತಾ ಮೋಟರು ನಿಲ್ಲಿಸಿ ಹೊರಗೆ ಬಂದಳು.

"ನನ್ನಿಂದ ಆಗಿದ್ದಲ್ವಾ ನಜೀರಮ್ಮ ಇದು?"

"ನಿಮ್ಮಿಂದ ಯಾಕಾಗ್ತೈತೆ ಪ್ರೇಮಕ್ಕ. ಬಾಯಿ ನಂದು, ಆಡಿದ್ದು ನಾನು," ಎಂದಳು ನಜೀರಾ. ಮುರಿದು ಕೂಡಿದ್ದ ಮಣಿಕಟ್ಟನ್ನು ಎಡಗೈಯಲ್ಲಿ ತೀಡಿಕೊಳ್ಳುತ್ತಿದ್ದಳು. "ನಲ್ಲೂರು ಕಡೆ ಸುಲಿಯಾಕೆ ಜನ ಬೇಕಂತೆ. ಲಗೇಜ್ ಆಟೋ ಮಾಡ್ಕಂಡು ಹೋಗ್ತೀವಿ. ಆದ್ರೆ ಅರ್ಧ ಜನ ಹೋಗ್ಲಿ, ಅರ್ಧ ಜನ ತೂಬಿನ ಮ್ಯಾಲೆ ಕುಂತ್ಕಳಾನ. ಹ್ಯಾಂಡಲ್ ಇಲ್ಲಾಂದ್ರೆ ಇನ್ನೇನಾದ್ರೂ ತಂದು ತೆಗೀತಾರೆ ಇವರು."

ಅವಳು ಹೇಳಿದ ಹಾಗೇ ಆಯಿತು. ಹೆಂಗಸರು ಪಾಳಿ ಹಾಕಿಕೊಂಡು ತೂಬಿನ ಕಲ್ಲುಕಟ್ಟೆಯ ಮೇಲೆ ಕೂತರು. ಕೆಲವರು ಅವರೆಕಾಯಿ ಬಿಡಿಸಿದರು, ಕೆಲವರು ಕೌದಿ ಹೊಲಿದರು. ಒಂದು ಬೆಳಿಗ್ಗೆ ಬಸವಾಪಟ್ಟಣದಿಂದ ಗೂಡ್ಸ್ ಆಟೋ ಬಂದು ಏರಿಯ ಮೇಲೆ ನಿಂತಿತು. ಹಿಂದೆ ಗ್ಯಾಸ್ ಕಟಿಂಗ್ ಸಿಲಿಂಡರ್‌ಗಳಿದ್ದವು. ಇಳಿದವನು ವೆಲ್ಡಿಂಗ್ ಅಂಗಡಿಯ ಶಾಹಿದ್, ನಜೀರಾಳ ಸ್ವಂತ ತಮ್ಮ. ಜೊತೆಗೆ ಗುರುಬಸವರಾಜ್ ಮತ್ತು ನಾಲ್ಕೈದು ಗಂಡಸರು.

ಶಾಹಿದ್ ಅಕ್ಕನನ್ನು ಕಂಡು ತಬ್ಬಿಬ್ಬಾದ. "ಸಾವ್ಕಾರ್ರೆ, ಗೇಟು ಜಾಮ್ ಆಗೈತೆ ಅಂದ್ರಿ."

"ಜಾಮೇ ಆಗಿರೋದು. ಆ ರಾಡ್ ಕಟ್ ಮಾಡು, ಗೇಟು ಎತ್ತಿ ಹಾಕಾನ."

ಶಾಹಿದ್ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಬಗ್ಗಿ ನೋಡಿದ. ಸ್ಕ್ರೂ ರಾಡಿಗೆ ಯಾರೋ ಹೊಸದಾಗಿ ಗ್ರೀಸ್ ಹಚ್ಚಿದ್ದರು, ಗೇಟು ಜಾಮ್ ಆಗಿರಲಿಲ್ಲ. ಪ್ರೇಮಲತಾ ಕಟ್ಟೆಯ ಅಂಚಿನಲ್ಲಿ ಕೂತಿದ್ದಳು, ಏಳಲಿಲ್ಲ. ನಜೀರಾ ಬೀಳುತ್ತಿದ್ದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ತಮ್ಮನನ್ನೇ ನೋಡುತ್ತಿದ್ದಳು.

"ಇದನ್ನ ಕಟ್ ಮಾಡಿದ್ರೆ ಮತ್ತೆ ಮುಚ್ಚೋದು ಹೆಂಗೆ?" ಎಂದು ಶಾಹಿದ್ ಕೇಳಿದ.

"ಅದು ಆಮ್ಯಾಲಿನ ಮಾತು."

"ಇಡೀ ಕೆರೆ ಖಾಲಿ ಆಗ್ತೈತಲ್ರೀ."

"ನಿಂಗ್ಯಾಕೆ ಅದು? ಕೆಲಸಕ್ಕೆ ಕರ್ದಿದ್ದು, ಕೆಲಸ ಮಾಡು."

ಶಾಹಿದ್ ಆಟೋದ ಕಡೆ ತಿರುಗಿ ಹಗ್ಗ ಬಿಗಿ ಮಾಡತೊಡಗಿದ. "ಮುಚ್ಚಾಕೆ ಆಗದೇ ಇರೋದನ್ನ ನಾನು ತೆಗಿಯಲ್ಲ ಸಾವ್ಕಾರ್ರೆ. ಬೇರೆಯೋರನ್ನ ನೋಡ್ಕಳ್ರಿ," ಎಂದು, ಅಕ್ಕನ ಕಡೆ ನೋಡಿ, "ಆಪಾ, ಬಿಸಿಲಾಗೆ ಕುಂತೀಯಲ್ಲ, ತಲೆ ಮ್ಯಾಲೆ ಏನಾದ್ರೂ ಹಾಕ್ಕ," ಎಂದು ಹೇಳಿ ಹೊರಟುಹೋದ.

ಅವತ್ತು ಹೆಂಗಸರು ಗೆದ್ದವರ ಹಾಗೆ ಮನೆಗೆ ಹೋದರು. ಆದರೆ ನಾಲ್ಕು ದಿನ ಕಳೆಯುವುದರೊಳಗೆ ಎಲ್ಲರ ಮೊಬೈಲಿಗೂ ಒಂದು ಎಚ್ಚರಿಕೆ ಬಂತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಎರಡು ದಿನಗಳಲ್ಲಿ ಭಾರಿ ಮಳೆಯಾಗಬಹುದು. ಕೆರೆಯ ನೀರು ಆಗಲೇ ಏರಿಯ ಮೇಲಂಚಿಗೆ ಸಮೀಪವಿತ್ತು. ಏರಿಯ ಹೊರಬದಿಯಲ್ಲಿ ಒಂದು ಕಡೆ ಮಣ್ಣು ಒದ್ದೆಯಾಗಿ ಜಿನುಗುತ್ತಿರುವುದನ್ನು ಮರುಳಪ್ಪಜ್ಜ ಕಂಡು ಬಂದು ಹೇಳಿದ.

ಗುರುಬಸವರಾಜ್ ಶಾಲೆಯ ಮುಂದೆ ಜನ ಸೇರಿಸಿದ. ಈ ಸಲ ಅವನ ಮಾತಿನಲ್ಲಿ ಸಸಿಯ ಸುದ್ದಿಯೇ ಇರಲಿಲ್ಲ.

"ಏರಿ ಒಡೆದ್ರೆ ಕೆಳಗಿನ ಕೇರಿ ಉಳಿಯಲ್ಲ. ಈ ಮಳೆ ಮೊದಲಿನ ಮಳೆಯಲ್ಲ ಅಂತ ಇವಳೇ ಹೇಳ್ತಾಳೆ. ಹಂಗಾರೆ ಈಗ ತೂಬು ತೆಗೀಲಿ. ಯಾರದಾದ್ರೂ ಜೀವ ಹೋದ್ರೆ ಯಾರು ಜವಾಬು ಕೊಡೋರು?"

ಜನ ಪ್ರೇಮಲತಾಳ ಕಡೆ ತಿರುಗಿದರು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಕೆಳಗಿನ ಕೇರಿಯಲ್ಲೇ ನಜೀರಾಳ ಮನೆ, ಲಕ್ಷ್ಮಕ್ಕನ ಮನೆ. ನಜೀರಾ ಕೂಡ ನೆಲ ನೋಡುತ್ತಿದ್ದಳು. ಹ್ಯಾಂಡಲ್ ತಂದು ಕೊಟ್ಟುಬಿಡಲೇ ಎಂದು ಪ್ರೇಮಲತಾ ಒಂದು ಕ್ಷಣ ಯೋಚಿಸಿದಳು. ಆಮೇಲೆ ಕೇಳಿದಳು:

"ಮರುಳಪ್ಪಜ್ಜ, ಮುಂಚೆ ಕೆರೆ ತುಂಬಿದಾಗ ಏರಿ ಯಾಕೆ ಒಡೀತಿರಲಿಲ್ಲ?"

"ಹೆಚ್ಚಿನ ನೀರು ಕೋಡಿಯಿಂದ ಹೋಗ್ತಿತ್ತಲ್ಲವ್ವ."

"ಈಗ ಯಾಕೆ ಹೋಗ್ತಿಲ್ಲ?"

ಮರುಳಪ್ಪಜ್ಜ ಗುರುಬಸವರಾಜನ ಕಡೆ ನೋಡಿದ. ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೆರೆಯ ಅಂಗಳದ ತೋಟಕ್ಕೆ ಟ್ರ್ಯಾಕ್ಟರ್ ಹೋಗಲೆಂದು ಗುರುಬಸವರಾಜ್ ಕೋಡಿಯ ಮೇಲೆ ಲೋಡುಗಟ್ಟಲೆ ಮಣ್ಣು ಹಾಕಿಸಿ ರಸ್ತೆ ಮಾಡಿದ್ದ. ಕೆರೆ ಒಣಗಿದ್ದಾಗ ಅದನ್ನು ಯಾರೂ ಕೇಳಿರಲಿಲ್ಲ. ಊರೇ ಆ ರಸ್ತೆಯಲ್ಲಿ ಓಡಾಡಿತ್ತು, ಪ್ರೇಮಲತಾಳೂ ಓಡಾಡಿದ್ದಳು.

"ತೂಬು ತೆಗೆದ್ರೆ ಕೆರೆ ತಳಕ್ಕೆ ಹೋಗ್ತೈತೆ," ಎಂದಳು. "ಕೋಡಿ ತೆಗೆದ್ರೆ ಹೆಚ್ಚಿಗೆ ಇರೋದು ಮಾತ್ರ ಹೋಗ್ತೈತೆ. ಏರಿನೂ ಉಳೀತೈತೆ, ನೀರೂ ಉಳೀತೈತೆ. ನಾನು ಕೋಡಿ ಬಿಡಿಸಾಕೆ ಹೋಗ್ತೀನಿ. ಬರೋರು ಗುದ್ದಲಿ ತಗಂಡು ಬರ್ರಿ."

"ಅದು ನನ್ನ ರಸ್ತೆ," ಎಂದ ಗುರುಬಸವರಾಜ್.

"ನಿಮ್ಮ ರಸ್ತೆ ಕೆಳಗೆ ಊರಿನ ಕೋಡಿ ಐತೆ ಅಣ್ಣ. ಮೇಲಿಂದು ತೆಗೆದು ಪಕ್ಕಕ್ಕೆ ಹಾಕ್ತೀವಿ, ಬೇಕಾದ್ರೆ ಮನೆಗೆ ಹೊತ್ಕಂಡು ಹೋಗ್ರಿ."

ಅವಳು ಹೋಗಿ ಅಗೆಯತೊಡಗಿದಾಗ ಜೊತೆಗಿದ್ದವರು ಹೆಂಗಸರಷ್ಟೇ. ಮಣ್ಣು ಗಟ್ಟಿಯಾಗಿತ್ತು, ಟ್ರ್ಯಾಕ್ಟರ್ ಓಡಾಡಿ ಕಲ್ಲಿನಂತಾಗಿತ್ತು. ನಜೀರಾಳಿಗೆ ಬಲಗೈಯಲ್ಲಿ ಗುದ್ದಲಿ ಎತ್ತಲು ಆಗುತ್ತಿರಲಿಲ್ಲ, ಬುಟ್ಟಿಯಲ್ಲಿ ಮಣ್ಣು ತುಂಬಿ ಎಡಸೊಂಟಕ್ಕೆ ಇಟ್ಟು ಹೊರುತ್ತಿದ್ದಳು. ಅಷ್ಟರಲ್ಲಿ ಗುರುಬಸವರಾಜ್ ತನ್ನ ಬೊಲೆರೊ ತಂದು ರಸ್ತೆಯ ನಟ್ಟನಡುವೆ, ಸರಿಯಾಗಿ ಕೋಡಿಯ ಮೇಲೆ ನಿಲ್ಲಿಸಿದ. ಬಾಗಿಲು ಹಾಕಿಕೊಂಡು ಒಳಗೇ ಕೂತ.

"ಈಗ ಅಗೀರಿ ನೋಡಾನ," ಎಂದ ಕಿಟಕಿಯಿಂದ.

ಹೆಂಗಸರು ಕೈ ನಿಲ್ಲಿಸಿದರು. ಪ್ರೇಮಲತಾ ಬೆವರು ಒರೆಸಿಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. ಆಮೇಲೆ ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ ನಿಂತು ಗುದ್ದಲಿ ಎತ್ತಿದಳು.

"ಅಣ್ಣ, ನಿಮ್ಮ ಗಾಡಿ ಮುಟ್ಟಲ್ಲ. ಎರಡೂ ಕಡೆಯಿಂದ ಅಗೀತೀವಿ. ನಿಮಗೆ ಎಷ್ಟೊತ್ತು ಬೇಕೋ ಅಷ್ಟೊತ್ತು ಕುಂತ್ಕಳ್ರಿ."

ಅವರು ಅಗೆದರು. ಸ್ವಲ್ಪ ಹೊತ್ತಿಗೆ ಕೆಳಗಿನ ಕೇರಿಯ ಗಂಡಸರು ಬಂದರು, ನಜೀರಾಳ ಗಂಡ ಗನಿಸಾಬ ಸಲಿಕೆ ಹಿಡಿದು ಬಂದ. ಅವರ ಹಿಂದೆ, ಹೆಗಲ ಮೇಲೆ ಹಾರೆ ಇಟ್ಟುಕೊಂಡು ಕಲ್ಲೇಶ ಬರುತ್ತಿದ್ದ. ಅವನು ಹೆಂಡತಿಯ ಕಡೆ ನೋಡಲಿಲ್ಲ. ಅವಳು ಅಗೆಯುತ್ತಿದ್ದಲ್ಲಿಗೇ ಬಂದು, ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗಟ್ಟಿ ಮಣ್ಣಿಗೆ ಹಾರೆ ಹಾಕಿದ. ಒಮ್ಮೆ ನೀರು ಕುಡಿಯಲು ನಿಂತಾಗ ಅವಳಿಗಷ್ಟೇ ಕೇಳುವ ಹಾಗೆ ಹೇಳಿದ:

"ಸಸಿ ಹೆಂಗಿದ್ರೂ ಹೋದ್ವು. ನೀರೂ ಹೋದ್ರೆ ಏನುಳೀತು."

ಮಧ್ಯಾಹ್ನ ಮೋಡ ಕವಿಯಿತು. ಕಲ್ಲೇಶ ಹಾಕಿದ ಒಂದು ಹಾರೆಗೆ ದೊಡ್ಡ ಹೆಂಟೆ ಕಳಚಿ, ಬೊಲೆರೊದ ಮುಂದಿನ ಚಕ್ರದ ಪಕ್ಕದ ಮಣ್ಣು ಸರ್ರನೆ ಜಾರಿತು. ಗಾಡಿ ಒಂದು ಕಡೆ ವಾಲಿತು. ಗುರುಬಸವರಾಜ್ ಗಾಡಿ ಚಾಲೂ ಮಾಡಿ ಹಿಂದಕ್ಕೆ ತೆಗೆದ. ಅಗೆಯುತ್ತಿದ್ದವರು ಅವನಿಗೆ ದಾರಿ ಬಿಟ್ಟು ನಿಂತರು. ಯಾರೂ ನಗಲಿಲ್ಲ. ಕೆಳಗಿದ್ದ ಹಳೆಯ ಕೋಡಿಯ ಕಲ್ಲುಗಳು ಕಾಣಿಸಿಕೊಂಡಿದ್ದವು. ಕತ್ತಲಾಗುವ ಮೊದಲೇ ಕೆರೆಯ ನೀರು ಆ ಕಲ್ಲುಗಳ ಮೇಲೆ ತೆಳ್ಳಗೆ, ಆಮೇಲೆ ಮಂದವಾಗಿ ಹರಿದು ಹಳ್ಳಕ್ಕೆ ಬಿತ್ತು. ಗಂಡಸರು ಏರಿಯ ಜಿನುಗುತ್ತಿದ್ದ ಜಾಗಕ್ಕೆ ರಸ್ತೆಯ ಅದೇ ಮಣ್ಣನ್ನು ಹೊತ್ತು ಹಾಕಿ ತುಳಿದರು.

ಮಳೆ ಬಂತು, ಹೇಳಿದಷ್ಟು ಬರಲಿಲ್ಲ. ಕೋಡಿ ಎರಡು ದಿನ ಹರಿದು ನಿಂತಿತು. ಏರಿ ಉಳಿಯಿತು. ಎಲ್ಲರೂ ಕಾದ ಸ್ವಾತಿ ಮಳೆ ಒಂದು ಹನಿಯೂ ಬೀಳಲಿಲ್ಲ.

ಕೆರೆಯಂಗಳದ ಸಸಿಗಳು ಹಳದಿಯಾಗಿ, ಕಂದಾಗಿ, ಒಂದೊಂದಾಗಿ ವಾಲಿದವು. ಕಲ್ಲೇಶ ಮನೆಯ ಊಟಕ್ಕೆ ವಾಪಸ್ ಬಂದ. ಆದರೆ ಬಹಳ ದಿನ ಏರಿಯ ಕಡೆ ತಲೆ ಹಾಕಲಿಲ್ಲ. ಸಿದ್ದಲಿಂಗೇಶ ಮಾತು ಬಿಟ್ಟ. ದೀಪಾವಳಿಗೆ ಎರಡು ಮನೆಯವರು ಬೇರೆ ಬೇರೆಯಾಗಿ ಹಿರಿಯರ ಪೂಜೆ ಮಾಡಿದರು. ಸಂಕ್ರಾಂತಿಯಾದ ಮೇಲೆ ಸಂಘದ ಸಭೆ ಕರೆದು, ಕೈ ಎತ್ತಿಸಿ, ಪ್ರೇಮಲತಾಳನ್ನು ಇಳಿಸಿ ಸಿದ್ದಲಿಂಗೇಶನ ಹೆಂಡತಿ ಕಲ್ಪನಾಳನ್ನು ಅಧ್ಯಕ್ಷೆ ಮಾಡಿದರು. ಕಲ್ಪನಾಳ ಪರವಾಗಿ ಅವಳ ಗಂಡನೇ ಎದ್ದು ಬಂದು ಹ್ಯಾಂಡಲ್ ಕೇಳಿದ.

ಪ್ರೇಮಲತಾ ಕೊಟ್ಟಳು. "ತಗಳ್ರಿ ಭಾವ. ಇದು ನನ್ನ ಸ್ವತ್ತಲ್ಲ. ಆದ್ರೆ ತಿರುಗಿಸಾಕೆ ಹೋಗೋ ದಿನ ಊರಿಗೆ ಹೇಳಿ ಹೋಗ್ರಿ. ಹೇಳದಿದ್ರೂ ನಾವು ಅಲ್ಲೇ ಇರ್ತೀವಿ."

ಅವನು ಅದನ್ನು ಮನೆಗೆ ಒಯ್ದ. ತಿರುಗಿಸಲು ಮಾತ್ರ ಹೋಗಲಿಲ್ಲ.

ಬೇಸಿಗೆ ಬಂತು, ಹಿಂದಿನದಕ್ಕಿಂತ ಕಡುವಾಗಿ. ಸುತ್ತಲಿನ ಊರುಗಳಿಗೆ ಟ್ಯಾಂಕರ್‌ಗಳು ಓಡಾಡುತ್ತಿದ್ದವು. ಬಿಳಿಗಟ್ಟೆಯಲ್ಲಿ ಏರಿಯ ಕೆಳಗಿನ ಕೊಳವೆಬಾವಿಗಳಲ್ಲಿ ನೀರಿತ್ತು, ಎರಡು ವರ್ಷದಿಂದ ಸತ್ತು ಬಿದ್ದಿದ್ದ ಶಾಲೆಯ ಬೋರು ಕೂಡ ಮತ್ತೆ ನೀರು ಕೊಟ್ಟಿತು. ಗುರುಬಸವರಾಜನ ಹಳೆಯ ತೋಟ ಊರಿನ ಎಲ್ಲ ತೋಟಗಳಿಗಿಂತ ಹಸಿರಾಗಿತ್ತು. ಅದಕ್ಕೆ ಕಾರಣ ಕೆರೆಯ ನೀರು ಎಂದು ಅವನು ಯಾರ ಮುಂದೆಯೂ ಹೇಳಲಿಲ್ಲ. ನಜೀರಾಳ ಗುಂಪನ್ನು ಶೆಡ್ಡಿಗೆ ಕರೆಯಲೂ ಇಲ್ಲ. ಅವರು ನಲ್ಲೂರಿಗೇ ಹೋಗಿ ಬರುತ್ತಿದ್ದರು, ಅರ್ಧ ದಿನದ ಆಯಾಸ ಆಟೋದಲ್ಲೇ ಆಗುತ್ತಿತ್ತು.

ಯುಗಾದಿ ಕಳೆದು ಕೆಲವು ದಿನಗಳಾಗಿತ್ತು. ಒಂದು ಬೆಳಿಗ್ಗೆ ಕೆರೆಯ ದಡದಲ್ಲಿ ಡೀಸೆಲ್ ಎಂಜಿನ್ ಸದ್ದು ಕೇಳಿತು. ಯಾರೋ ಪೈಪು ಇಳಿಬಿಟ್ಟು ನೀರೆತ್ತಿ ತೋಟಕ್ಕೆ ಬಿಡುತ್ತಿದ್ದರು. ಯಾರ ಎಂಜಿನ್ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಪ್ರೇಮಲತಾ ಗಿರಣಿಗೆ ಬೀಗ ಹಾಕಿ ಹೊರಟಳು. ದಾರಿಯಲ್ಲಿ ನಜೀರಾ ಆಟೋ ಬಿಟ್ಟು ಜೊತೆಗೆ ಬಂದಳು.

"ಈಗ ನೀವು ಅಧ್ಯಕ್ಷರಲ್ಲ ಪ್ರೇಮಕ್ಕ. ಯಾವ ಅಧಿಕಾರದಾಗೆ ಬಂದ್ರಿ ಅಂತ ಕೇಳ್ತಾರೆ."

"ಕೇಳ್ಲಿ. ಕುಡಿಯೋರು ಅಂತ ಹೇಳಾನ."

ಇಬ್ಬರೂ ಸೇರಿ ಎಂಜಿನ್ ಆರಿಸಿದರು. ಮೊಣಕಾಲುದ್ದ ನೀರಿಗಿಳಿದು, ಕೆಸರಿನಲ್ಲಿ ಹೂತಿದ್ದ ಪೈಪನ್ನು ಎಳೆದು ದಡದ ಮೇಲೆ ಚಾಚಿದರು. ಒಳಗಿದ್ದ ನೀರು ಬುಳುಬುಳು ಎಂದು ಕೆರೆಗೇ ವಾಪಸ್ ಹರಿಯಿತು. ಮರುದಿನ ಅದೇ ಜಾಗದಲ್ಲಿ ಮತ್ತೆ ಪೈಪು ಇಳಿಬಿಟ್ಟಿದ್ದರು. ಇವರೂ ಮತ್ತೆ ಹೋದರು. ಈ ಸಲ ಲಕ್ಷ್ಮಕ್ಕನೂ ಬಂದಳು, ಅವಳ ಹಿಂದೆ, ಗಂಡನಿಗೆ ಹೇಳದೆ, ಈಗಿನ ಅಧ್ಯಕ್ಷೆ ಕಲ್ಪನಾಳೂ ಬಂದಳು.